ಭಾವನ ಒತ್ತಡ ಎಂಟೂವರೆ

೧

"ಒಂಬೈನೂರ ಅರವತ್ತಾರು," ಎಂದರು ಭಾವ.

ಮೇಜಿನ ಆಚೆ ಕೂತ ಮೂವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಒಂಬೈನೂರ ನಲವತ್ತೊಂಬತ್ತು. ಒಂಬೈನೂರ ಮೂವತ್ತೆರಡು. ಆ ಫ್ಯಾನು ಕಿರ್ ಅಂತಿದೆ ನೋಡಿ, ಬೇರಿಂಗ್ ಹೋಗಿರ್ಬೇಕು. ಒಂಬೈನೂರ ಹದಿನಾರು."

"ತಪ್ಪು," ಎಂದರು ನಡುವೆ ಕೂತ ಬಿಳಿ ಕೋಟಿನವರು. "ಮತ್ತೆ ಸಾವಿರದಿಂದ."

"ಆಗ್ಲಿ," ಎಂದರು ಭಾವ, ಯಾರೋ ಇನ್ನೊಂದು ಲೋಟ ಟೀ ಬೇಕಾ ಎಂದು ಕೇಳಿದ ಹಾಗೆ. "ಸಾವಿರ. ಒಂಬೈನೂರ ಎಂಬತ್ಮೂರು..."

ಕತೆಯನ್ನು ಇಲ್ಲಿಂದ ಶುರುಮಾಡುವುದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ನಾನು ಓದಿ ಬೆಳೆದ ಅನುವಾದದ ಕತೆಗಳೆಲ್ಲ ಹೀಗೇ: ಯಾರೋ ಏನೋ ಮಾಡುತ್ತಿರುತ್ತಾನೆ, ಯಾಕೆ ಎಂದು ಎಂಟನೆಯ ಪುಟದ ತನಕ ಬಾಯಿ ಬಿಡುವುದಿಲ್ಲ. ನನಗೆ ಅಷ್ಟು ತಾಳ್ಮೆ ಇಲ್ಲ, ಹೇಳಿಬಿಡುತ್ತೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಆಸ್ಪತ್ರೆಯೊಂದರ ಲಾಂಡ್ರಿಗೆ ಆವಿ ಕೊಡುವ ಬಾಯ್ಲರನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದಾರೆ. ಈಗ ಅದೇ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಕೆಲಸಗಾರರ ಮಾನಸಿಕ ಒತ್ತಡದ ಮೇಲೆ ಸಂಶೋಧನೆ ಮಾಡುತ್ತಿರುವ ಡಾಕ್ಟರ್ ಮೇಡಂ ಅವರ ಕೋಣೆಯಲ್ಲಿ ನಿಂತು ಸಾವಿರದಿಂದ ಹದಿನೇಳು ಹದಿನೇಳಾಗಿ ಕಳೆಯುತ್ತಿದ್ದಾರೆ. ಎದುರಿನ ಮೂವರಿಗೆ ನಗಬಾರದು, ತಲೆಯಾಡಿಸಬಾರದು, 'ಪರವಾಗಿಲ್ಲ' ಎನ್ನಬಾರದು ಎಂದು ತರಬೇತಿ ಕೊಟ್ಟಿದೆ. ಇಂಥ ಮೂರು ಮುಖಗಳ ಮುಂದೆ ನಾಲ್ಕು ನಿಮಿಷ ನಿಲ್ಲಿಸಿದರೆ ಗಟ್ಟಿಗರ ಅಂಗೈಯೂ ಒದ್ದೆಯಾಗುತ್ತದಂತೆ. ಗಾಜಿನ ಈಚೆ ಡಾಕ್ಟರ್ ಮೇಡಂ ಮತ್ತು ಅವರಿಗೆ ಅನುವಾದ ಮಾಡಿಕೊಡುವ ನಾನು ಕೂತು ಪರದೆ ನೋಡುತ್ತಿದ್ದೇವೆ.

ಭಾವನ ಎದೆಬಡಿತ: ಎಪ್ಪತ್ತೆರಡು.

(ಇವತ್ತಿನ ಕತೆಗಳಲ್ಲಿ ಭಾವವೇ ಇಲ್ಲ ಎಂದು ಗೊಣಗುವ ವಿಮರ್ಶಕರು ದಯವಿಟ್ಟು ಗಮನಿಸಬೇಕು. ಇದರಲ್ಲಿ ಹೆಜ್ಜೆಹೆಜ್ಜೆಗೂ ಇದ್ದಾರೆ.)

೧, ಮತ್ತೊಮ್ಮೆ

ಮೊದಲ ಡ್ರಾಫ್ಟು ಹೀಗಿತ್ತು:

'ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಗಂಟಲ ಪಸೆ ಆರಿತ್ತು. ಸಂಖ್ಯೆಗಳು ಅವನನ್ನು ನೋಡಿ ಹಲ್ಲು ಕಿರಿಯುತ್ತಿದ್ದವು. ಸಾವಿರವೆಂಬ ಶಿಖರದಿಂದ ಅವನು ಶೂನ್ಯದ ಕಡೆಗೆ ಜಾರುತ್ತಿದ್ದ.'

ಪಾತ್ರಗಳಿಗೆ ಕತೆ ಓದಿ ಹೇಳುವ ಕೆಟ್ಟ ಅಭ್ಯಾಸ ನನಗಿದೆ. ಬಾಯ್ಲರ್ ರೂಮಿನಲ್ಲಿ ಸ್ಟೂಲಿನ ಮೇಲೆ ಕೂತು ಇದನ್ನು ಓದಿದೆ. ಭಾವ ಗೇಜಿನ ಗಾಜು ಒರೆಸುತ್ತಾ ಕೇಳಿಸಿಕೊಂಡರು.

"ಯಾರೋ ಇವನು?"

"ನೀವೇ ಭಾವ."

"ನಾನು ಯಾವಾಗ ಬೆವರಿದ್ನೋ? ಅವರ ರೂಮಲ್ಲಿ ಏಸಿ ಇತ್ತು. ಬೆವರೋದು ಇಲ್ಲಿ. ಇಲ್ಲಿ ದಿನಾ ಬೆವರ್ತೀನಿ, ಅದನ್ನ ಬರಿ."

"ಕತೆ ಅಂದ್ಮೇಲೆ ನಾಯಕನಿಗೆ ಸ್ವಲ್ಪ ತಳಮಳ ಇರ್ಬೇಕು ಭಾವ."

"ನಿಂಗೆ ಇದೆಯಲ್ಲ, ನೀನೇ ನಾಯಕ ಆಗು. ಮತ್ತೆ ಇದೇನು, ಶೂನ್ಯದ ಕಡೆ ಜಾರೋದು? ಸಾವಿರದಲ್ಲಿ ಹದಿನೇಳು ಕಳೀತಾ ಹೋದ್ರೆ ಸೊನ್ನೆಗೆ ಬರಲ್ಲ. ಕೊನೆಗೆ ಹದಿನಾಲ್ಕು ಉಳಿಯುತ್ತೆ. ಅವತ್ತು ಬಸ್ಸಲ್ಲಿ ಬರ್ತಾ ಪೂರ್ತಿ ಮಾಡ್ದೆ."

ಡ್ರಾಫ್ಟನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

೨

ಇನ್ನು ಫಾರಂ. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಬರೆಯಬೇಕು, ಏಕೆಂದರೆ ಇಲ್ಲಿ ತಪ್ಪು ಮಾಡಿದವನು ನಾನು. ತಪ್ಪು ಮಾಡಿದವರಿಗೆ ಬೇಗಬೇಗ ಬರೆದು ಮುಂದೆ ಹೋಗುವ ಆಸೆ ಇರುತ್ತದೆ.

ಡಾಕ್ಟರ್ ಮೇಡಂ ಆಸ್ಪತ್ರೆಯ ಕೆಲಸಗಾರರಿಗೆಲ್ಲ ಒಂದು ಪ್ರಶ್ನಾವಳಿ ಮಾಡಿದ್ದರು, ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ತರುವ ಕೆಲಸ ಅಕ್ಕನ ಶಿಫಾರಸಿನಿಂದ ನನಗೆ ಬಂತು.

"ಸ್ಟ್ರೆಸ್ ಅಂತಾನೇ ಇರ್ಲಿ," ಎಂದಿದ್ದರು ಮೇಡಂ. "ಇಲ್ದಿದ್ರೆ ಟೆನ್ಷನ್ ಅಂತ ಹಾಕಿ. ಜನ ಹಾಗೆ ತಾನೆ ಅನ್ನೋದು?"

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಮ್ಮ ಭಾಷೆಗೆ ಏನು ಕಡಿಮೆ ಮೇಡಂ, ಒಳ್ಳೆಯ ಪದ ಇರುವಾಗ ಸಾಲ ಯಾಕೆ ತರಬೇಕು, ಎಂದು ಹದಿನೈದು ನಿಮಿಷ ಮಾತಾಡಿದೆ. ಕೊನೆಗೆ ಅವರು ಗಡಿಯಾರ ನೋಡಿ, "ಸರಿ, ನಿಮ್ಮಿಷ್ಟ," ಎಂದರು. ಆ ಫಾರಂನಲ್ಲಿ ಒತ್ತಡ ಎಂಬ ಪದ ಮೂವತ್ತೊಂದು ಸಲ ಬರುತ್ತದೆ. ಒಂದೊಂದನ್ನೂ ಹೆಮ್ಮೆಯಿಂದ ಟೈಪ್ ಮಾಡಿದ್ದೇನೆ.

ಫಾರಂನ ಕೊನೆಯ ಸಾಲನ್ನೂ ನಾನೇ ಬರೆದದ್ದು: 'ಅಪಾಯದ ಯಂತ್ರಗಳ ಬಳಿ ಕೆಲಸ ಮಾಡುವವರಲ್ಲಿ ಒತ್ತಡ ತೀವ್ರವಾಗಿದ್ದಲ್ಲಿ, ಅವರನ್ನು ಹಗುರ ಕೆಲಸಕ್ಕೆ ಬದಲಿಸಲು ಆಡಳಿತಕ್ಕೆ ತಿಳಿಸಲಾಗುವುದು.' ಓದುವುದಕ್ಕೆ ಎಷ್ಟು ಮೃದು! ಭಾವನ ಮಟ್ಟಿಗೆ ಅದರ ಅರ್ಥ ಇಷ್ಟೆ: ಬಾಯ್ಲರ್ ಹೋಗುತ್ತದೆ, ಕುರ್ಚಿ ಬರುತ್ತದೆ.

ಆ ಫಾರಂನಲ್ಲಿ ಭಾವ ಸೊನ್ನೆಯಿಂದ ಹತ್ತರವರೆಗಿನ ಸಾಲಿನಲ್ಲಿ ಎಂಟಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಮುದ್ದಾಗಿ 'ಮತ್ತು ಅರ್ಧ' ಎಂದು ಬರೆದಿದ್ದರು. ಇಡೀ ಆಸ್ಪತ್ರೆಯಲ್ಲಿ, ತುರ್ತು ಚಿಕಿತ್ಸೆಯ ನರ್ಸುಗಳನ್ನೂ ಸೇರಿಸಿ, ಎಂಟೂವರೆ ಮುಟ್ಟಿದವರು ಅವರೊಬ್ಬರೇ. ಅದಕ್ಕೇ ಎರಡನೆಯ ಮಹಡಿಗೆ ಕರೆ ಬಂದದ್ದು.

೩

(ಇದರಲ್ಲಿ ಅಕ್ಕ ಮನೆಯಲ್ಲಿ ಹೇಗೆ ಮಾತಾಡುತ್ತಾಳೆ ಎಂಬ ವಿವರವಿತ್ತು. ಅಕ್ಕ ಓದಿ ಹರಿದು ಹಾಕಿದಳು. "ನನ್ನನ್ನ ಕತೆಗೆ ಎಳೆದ್ರೆ ಕಾಲು ಮುರೀತೀನಿ," ಎಂದಳು. ಆ ಮಾತಿಗೆ ಅವಳೇನೂ ಅಡ್ಡಿ ಹೇಳಿಲ್ಲ, ಆದ್ದರಿಂದ ಅದೊಂದು ಉಳಿದಿದೆ.)

೪

ಕಳೆಯುವ ಪರೀಕ್ಷೆ ಮುಗಿದ ಮೇಲೆ ಭಾವನಿಗೆ ಒಂದು ಹತ್ತಿಯ ಸುರುಳಿ ಕೊಟ್ಟು, ಎರಡು ನಿಮಿಷ ಬಾಯಲ್ಲಿಟ್ಟು ಅಗಿಯಿರಿ ಎಂದರು. ಉಗುಳಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಎಷ್ಟಿದೆ ಎಂದು ನೋಡುವುದಕ್ಕೆ. ಆ ಎರಡು ನಿಮಿಷ ಸುಮ್ಮನೆ ಕೂರಿಸಬಾರದೆಂದು ಡಾಕ್ಟರ್ ಮೇಡಂ ಒಂದು ಹಾಳೆಯ ಮೇಲೆ ಚಿತ್ರ ಬರೆದರು: ಮೇಲೆ ಮಿದುಳು, ಕೆಳಗೆ ಎರಡು ಮೂತ್ರಪಿಂಡ, ಅವುಗಳ ತಲೆಯ ಮೇಲೆ ಟೋಪಿಯ ಹಾಗೆ ಕೂತ ಗ್ರಂಥಿ.

"ಹೆದರಿಕೆ ಆದ ತಕ್ಷಣ ಈ ಟೋಪಿಯಿಂದ ಅಡ್ರಿನಲಿನ್ ಹೊರಡುತ್ತೆ. ಎದೆ ಜೋರಾಗಿ ಬಡಿಯುತ್ತೆ, ಬಾಯಿ ಒಣಗುತ್ತೆ, ಹೊಟ್ಟೆಗೆ ಹೋಗ್ಬೇಕಾದ ರಕ್ತ ಕೈಕಾಲಿಗೆ ಹೋಗುತ್ತೆ. ಓಡೋದಕ್ಕೋ ಹೊಡೆದಾಡೋದಕ್ಕೋ ಮೈ ತಯಾರಾಗುತ್ತೆ. ಅದರ ಹಿಂದೆ ನಿಧಾನವಾಗಿ ಕಾರ್ಟಿಸಾಲ್ ಬರುತ್ತೆ. ಇಪ್ಪತ್ತು, ಮೂವತ್ತು ನಿಮಿಷ ಬೇಕು ಅದು ಏರೋದಕ್ಕೆ. ಸಾಕಷ್ಟು ಏರಿದ ಮೇಲೆ ಅದೇ ವಾಪಸ್ ಹೋಗಿ ಮಿದುಳಿಗೆ, ಸಾಕು ನಿಲ್ಸು ಅಂತ ಹೇಳುತ್ತೆ."

"ಪ್ರೆಶರ್ ಸ್ವಿಚ್ಚು," ಎಂದರು ಭಾವ, ಹತ್ತಿ ಬಾಯಲ್ಲಿದ್ದುದರಿಂದ ಬೇರೇನೋ ಕೇಳಿಸಿತು.

"ಏನಂದ್ರಿ?"

ಭಾವ ಹತ್ತಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಬಾಯ್ಲರಲ್ಲಿ ಪ್ರೆಶರ್ ಸ್ವಿಚ್ಚು ಅಂತ ಇರುತ್ತೆ ಮೇಡಂ. ಉರಿ ಹತ್ತುತ್ತೆ, ಆವಿ ಏರುತ್ತೆ, ಆ ಆವಿನೇ ಹೋಗಿ ಸ್ವಿಚ್ಚನ್ನ ತಳ್ಳಿ ಉರಿ ಆರಿಸುತ್ತೆ. ಇಳಿದ್ರೆ ಮತ್ತೆ ಹತ್ತುತ್ತೆ. ಯಾರೂ ಮುಟ್ಟಬೇಕಾಗಿಲ್ಲ."

"ಸ್ವಿಚ್ ಕೆಟ್ರೆ?"

"ಉರೀತಾನೇ ಇರುತ್ತೆ."

"ಅದೇ! ಅದೇ ನಾನು ಹುಡುಕ್ತಿರೋದು!" ಮೇಡಂ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಏರೋದು ತಪ್ಪಲ್ಲ. ಬೆಳಿಗ್ಗೆ ಎದ್ದ ಅರ್ಧ ಗಂಟೆಗೆ ಎಲ್ಲರಿಗೂ ಏರುತ್ತೆ, ಇಲ್ದಿದ್ರೆ ಹಾಸಿಗೆ ಬಿಟ್ಟು ಏಳೋಕೇ ಆಗಲ್ಲ. ಸಂಜೆಗೆ ಇಳೀಬೇಕು. ಇಳೀದೇ ಇದ್ರೆ ರೋಗ."

"ಬೆಳಿಗ್ಗೆ ಏರದಿದ್ರೆ ನಮ್ಮಲ್ಲೂ ಒಂದು ಬೆಡ್‌ಶೀಟ್ ಒಣಗಲ್ಲ," ಎಂದರು ಭಾವ, ಸಂತೋಷದಿಂದ.

ಇಬ್ಬರೂ ಅರ್ಧ ಗಂಟೆ ಹೀಗೆ ಹರಟಿದರು. ಒಬ್ಬರು ಮೂತ್ರಪಿಂಡ ಬರೆದರೆ ಇನ್ನೊಬ್ಬರು ಅದರ ಪಕ್ಕ ವಾಲ್ವ್ ಬರೆಯುವರು. ನನಗೆ ಇಂಥ ಸಂತೋಷವನ್ನು ಬರೆದು ಅಭ್ಯಾಸವಿಲ್ಲ. ಇದರಲ್ಲಿ ಯಾರೂ ಕಿಟಕಿಯಾಚೆ ನೋಡುತ್ತಾ ಸಿಗರೇಟು ಹಚ್ಚುವುದಿಲ್ಲ.

ಭಾವ ಹೋದ ಮೇಲೆ ಮೇಡಂ ಗಂಭೀರರಾದರು.

"ಫಾರಂ ಎಂಟೂವರೆ ಅನ್ನುತ್ತೆ, ಎದೆ ಎಪ್ಪತ್ತೆರಡು ಅನ್ನುತ್ತೆ. ಇವರು ಎಲ್ಲಾನೂ ಒಳಗೇ ಅದುಮಿಟ್ಟವರು. ಇಂಥವರ ಬಗ್ಗೆನೇ ನನಗೆ ಭಯ. ಇವರು ಕೈಯಲ್ಲಿ ಬರೆದಿರೋ ಉತ್ತರಗಳಿವೆ, ಇಂಗ್ಲಿಷಿಗೆ ಮಾಡಿ ಕೊಡಿ. ಇವತ್ತೇ ಬೇಕು."

೫

ಕಾರಿಡಾರಿನ ಬೆಂಚಿನ ಮೇಲೆ ಕೂತು ಓದಿದೆ. ಪ್ರಶ್ನೆ ನನ್ನದು, ಉತ್ತರ ಭಾವನದು.

ಸಾಮಾನ್ಯ ದಿನದಲ್ಲಿ ನಿಮ್ಮ ಕೆಲಸದ ಒತ್ತಡ ಹೇಗಿರುತ್ತದೆ?
ಬೆಳಿಗ್ಗೆ ಬಂದಾಗ ಮೂರು. ಒಂಬತ್ತು ಗಂಟೆಗೆ ಎಂಟೂವರೆ. ಸಂಜೆಯ ತನಕ ಅಲ್ಲೇ ನಿಲ್ಲಿಸುತ್ತೇನೆ.

ಒತ್ತಡ ಮಿತಿ ಮೀರಿದಾಗ ಏನು ಮಾಡುತ್ತೀರಿ?
ಮೊದಲು ಉರಿ ಕಡಿಮೆ ಮಾಡುತ್ತೇನೆ. ಆಗಲೂ ಇಳಿಯದಿದ್ದರೆ ಆವಿ ಹೊರಗೆ ಬಿಡುತ್ತೇನೆ. ದೊಡ್ಡ ಶಬ್ದ ಬರುತ್ತದೆ. ವಾರ್ಡಿನವರು ಬೈಯುತ್ತಾರೆ.

ನಿಮ್ಮ ಒತ್ತಡದ ಬಗ್ಗೆ ಮನೆಯವರ ಜೊತೆ ಮಾತಾಡುತ್ತೀರಾ?
ಮೊದಲು ಹೇಳುತ್ತಿದ್ದೆ. ಅವಳಿಗೆ ಅದರಲ್ಲಿ ಆಸಕ್ತಿ ಇಲ್ಲ.

ಇದುವರೆಗಿನ ಅತಿ ಹೆಚ್ಚು ಒತ್ತಡ ಯಾವಾಗ?
ನಾನು ರಜೆ ಹಾಕಿದ್ದ ದಿನ. ಹತ್ತು ದಾಟಿತ್ತಂತೆ. ಅಂದಿನಿಂದ ರಜೆ ಹಾಕುವುದು ಬಿಟ್ಟಿದ್ದೇನೆ.

ಒತ್ತಡದಿಂದ ಪೂರ್ತಿ ಮುಕ್ತರಾಗಿದ್ದೀರಾ?
ವರ್ಷಕ್ಕೊಮ್ಮೆ, ಇನ್ಸ್‌ಪೆಕ್ಟರ್ ಬಂದಾಗ. ಪೂರ್ತಿ ತಣ್ಣಗೆ ಮಾಡಿ, ಬಾಗಿಲು ತೆಗೆದು, ಒಳಗೆ ಇಳಿದು ಕೆರೆಯುತ್ತೇವೆ.

ಎರಡನೆಯ ಉತ್ತರದಲ್ಲೇ ನನಗೆ ತಿಳಿಯಿತು. ಮಿಕ್ಕವನ್ನು ಓದಿದ್ದು ಕಣ್ಣು ಮಾತ್ರ.

ಮಾತಿನಲ್ಲಿ ಯಾರೂ ಒತ್ತಡ ಎನ್ನುವುದಿಲ್ಲ. ತಲೆಬಿಸಿಗೆ ಟೆನ್ಷನ್ ಅನ್ನುತ್ತೇವೆ, ಬಾಯ್ಲರಿಗೆ ಪ್ರೆಶರ್ ಅನ್ನುತ್ತೇವೆ. ಒತ್ತಡ ಎನ್ನುವುದು ಅಚ್ಚಾದ ಹಾಳೆಯ ಮೇಲೆ ಮಾತ್ರ ಬದುಕಿರುವ ಪದ. ಭಾವ ತಮ್ಮ ಜೀವಮಾನದಲ್ಲಿ ಅದನ್ನು ಓದಿದ್ದು ಎರಡೇ ಕಡೆ: ಬಾಯ್ಲರ್ ಪರೀಕ್ಷೆಗೆ ಓದಿದ ಪುಸ್ತಕದಲ್ಲಿ, ಮತ್ತು ಪ್ರತಿ ಗಂಟೆ ಅಂಕಿ ಬರೆಯುವ ಲಾಗ್ ಬುಕ್ಕಿನ ಎರಡನೆಯ ಅಂಕಣದ ತಲೆಯಲ್ಲಿ. ಟೆನ್ಷನ್ ಎಂದು ಹಾಕಿದ್ದರೆ ಅವರು ಸೊನ್ನೆಗೆ ಸುತ್ತು ಹಾಕಿ ಊಟಕ್ಕೆ ಹೋಗುತ್ತಿದ್ದರು.

ಈಗ ನನ್ನ ಮೈ ನೋಡಿ. ಎದೆ ಧಸಕ್ ಎಂದಿತು. ನಾಲಿಗೆ ಅಂಗುಳಕ್ಕೆ ಅಂಟಿತು. ಹೊಟ್ಟೆಯಲ್ಲಿ ಏನೋ ಕಲಸಿತು, ಕಿವಿ ಬಿಸಿಯಾಯಿತು, ಕೈಕಾಲು ಆಡಲಿಲ್ಲ. ನಮ್ಮ ಅಜ್ಜಿಯರು ಮೂತ್ರಪಿಂಡದ ಟೋಪಿಯನ್ನು ನೋಡಿದವರಲ್ಲ, ಆದರೂ ಒಂದೊಂದನ್ನೂ ಸರಿಯಾದ ಜಾಗದಲ್ಲಿ ಹೆಸರಿಟ್ಟು ಹೋಗಿದ್ದಾರೆ. ಮೈಯೆಲ್ಲ ಓಡು ಎನ್ನುತ್ತಿತ್ತು. ಬೆಂಚಿನಿಂದ ಎಲ್ಲಿಗೆ ಓಡುವುದು?

ಇಲ್ಲಿ ಕತೆ ಎರಡಾಗಿ ಸೀಳುತ್ತದೆ. ಒಂದರಲ್ಲಿ ನಾನು ಎದ್ದು ಹೋಗಿ, 'ಮೇಡಂ, ನನ್ನ ಪದದಿಂದ ಎಡವಟ್ಟಾಗಿದೆ,' ಎನ್ನುತ್ತೇನೆ. ಅದು ಒಂದೂವರೆ ಪುಟದ ಕತೆ, ಅದರಲ್ಲಿ ನಾನು ಒಳ್ಳೆಯವನು. ಇನ್ನೊಂದರಲ್ಲಿ ನಾನು ಆ ಉತ್ತರಗಳನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಮಾಡಿ, ಒಂದು ಟಿಪ್ಪಣಿಯನ್ನೂ ಹಾಕದೆ, ಮೇಡಂ ಮೇಜಿನ ಮೇಲಿಟ್ಟು ಮನೆಗೆ ಹೋಗುತ್ತೇನೆ.

ಆದದ್ದು ಎರಡನೆಯದು. ಇನ್ನೂರ ಹನ್ನೆರಡು ಫಾರಂ ತುಂಬಿದ್ದರು, ಎಲ್ಲದರಲ್ಲೂ ನನ್ನ ಪದ. ಹದಿನೈದು ನಿಮಿಷದ ಭಾಷಣ ಬೇರೆ. ಹೇಗೆ ಹೇಳಲಿ?

ಮರುದಿನ ಮೇಡಂ ಫೋನ್ ಮಾಡಿದರು. "ಎಂಥ ರೂಪಕಗಳು! ಬಾಗಿಲು ತೆಗೆದು ಒಳಗೆ ಇಳಿದು ಕೆರೀತೀನಿ! ಓದಿ ಕಣ್ಣಲ್ಲಿ ನೀರು ಬಂತು. ಇವರು ಕವಿತೆ ಬರೀತಾರಾ?"

"ಇಲ್ಲ ಮೇಡಂ."

"ಪಾಪ. ಹೆಂಡತಿ ಕೂಡ ಕೇಳಿಸಿಕೊಳ್ಳಲ್ವಂತೆ."

೬

(ಮೇಲಿನದನ್ನು ಓದಿದ ಅಕ್ಕ ಕತೆಯೊಳಗೆ ಬಂದೇ ಬರುತ್ತೇನೆ ಎಂದಳು. ಕಾಲು ಮುರಿಯುವ ಮಾತನ್ನು ವಾಪಸ್ ತೆಗೆದುಕೊಂಡಿಲ್ಲ.)

ಶುಕ್ರವಾರ ಅಕ್ಕನ ಫೋನು.

"ಲೋ, ನಿಮ್ಮ ಭಾವನಿಗೆ ಕಾಗದ ಬಂದಿದೆ. ಸೋಮವಾರದಿಂದ ಬಾಯ್ಲರ್ ಬೇಡ್ವಂತೆ, ಬಟ್ಟೆ ಸ್ಟೋರಲ್ಲಿ ಕುರ್ಚಿ ಹಾಕಿ ಕೂರಿಸ್ತಾರಂತೆ. ಆರೋಗ್ಯದ ದೃಷ್ಟಿಯಿಂದ ಅಂತ ಬರ್ದಿದ್ದಾರೆ. ಇವರ ಆರೋಗ್ಯಕ್ಕೆ ಏನಾಗಿತ್ತೋ? ಕಲ್ಲು ತಿಂದು ಕಲ್ಲು ಅರಗಿಸ್ಕೋತಿದ್ರು."

"ಈಗ ಹೇಗಿದ್ದಾರೆ ಅಕ್ಕ?"

"ಈಗ ನೋಡು, ಆರೋಗ್ಯ ಕೆಟ್ಟಿದೆ. ತಟ್ಟೆ ಮುಂದೆ ಕೂತು ತಟ್ಟೆನೇ ನೋಡ್ತಾರೆ. ಎರಡು ಸಲ ಚಪ್ಪಲಿ ಹಾಕ್ಕೊಂಡು ಬಾಗಿಲ ತನಕ ಹೋಗಿ ವಾಪಸ್ ಬಂದ್ರು. ಎಲ್ಲಿಗೆ ಅಂದ್ರೆ, ಗೊತ್ತಿಲ್ಲ ಅಂದ್ರು. ಬಾಯ್ಲರ್ ಪ್ರೆಶರ್ ಎಷ್ಟಿತ್ತು ಇವತ್ತು ಅಂತ ನಾನೇ ಕೇಳ್ದೆ ಕಣೋ. ನಾನು! ಹತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ. ಅದಕ್ಕೂ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದು ಹೋದ್ರು."

ನಾನು ಬರೆಯುತ್ತಿದ್ದ ಕತೆಗೆ ತಳಮಳ ಬೇಕು ಎಂದಿದ್ದೆನಲ್ಲ, ಬಂತು. ಬೇಕಾದ್ದು ಬಂದಾಗ ಅದನ್ನು ಬರೆಯುವ ಮನಸ್ಸಾಗಲಿಲ್ಲ. ಪೆನ್ನಿಟ್ಟು ಮಲಗಿದೆ.

೭

ಶನಿವಾರ ಬೆಳಿಗ್ಗೆ ಬಾಯ್ಲರ್ ರೂಮಿಗೆ ಹೋದೆ. ನೀವು ಅದರ ಒಳಗೆ ಹೋಗಿಲ್ಲದಿದ್ದರೆ ಒಂದು ನಿಮಿಷ ನಿಲ್ಲಿ, ಕತೆ ಎಲ್ಲಿಗೂ ಓಡುವುದಿಲ್ಲ. ಕುದುರೆಯೊಂದು ಮಂಡಿಯೂರಿ ಮಲಗಿದ ಹಾಗೆ ದೊಡ್ಡ ಕಪ್ಪು ಸಿಲಿಂಡರ್. ಹೊಟ್ಟೆಯೊಳಗೆ ಬರ್ನರ್ ಗುಡುಗುಡು. ಪಕ್ಕದ ಗಾಜಿನ ಕೊಳವೆಯಲ್ಲಿ ಅರ್ಧಕ್ಕೆ ನಿಂತ ನೀರು ಸಣ್ಣಗೆ ನಡುಗುತ್ತಿರುತ್ತದೆ. ಗೋಡೆ ತೂರಿ ಹೋಗುವ ಪೈಪು, ಪೈಪಿನ ಆ ತುದಿಯಲ್ಲಿ ಲಾಂಡ್ರಿ. ಅಲ್ಲಿ ಬಿಸಿಬಿಸಿ ಬೆಡ್‌ಶೀಟುಗಳನ್ನು ಇಬ್ಬಿಬ್ಬರು ಹಿಡಿದು ಮಡಿಸುತ್ತಿರುತ್ತಾರೆ. ಅವುಗಳ ಮೇಲೆ ಸಂಜೆಗೆ ಯಾರೋ ಹೆರುತ್ತಾರೆ, ಯಾರೋ ಚೇತರಿಸಿಕೊಳ್ಳುತ್ತಾರೆ. ಭಾವ ಅವರಲ್ಲಿ ಒಬ್ಬರನ್ನೂ ನೋಡಿದವರಲ್ಲ, ನೋಡಬೇಕೆಂದು ಹೇಳಿದವರೂ ಅಲ್ಲ. ಗೇಜಿನ ಮುಳ್ಳು ಎಂಟೂವರೆಯಲ್ಲಿ ನಿಂತಿದ್ದರೆ ಅವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತದೆ. ಮಗು ಮಲಗಿದ ಮೇಲೆ ತೊಟ್ಟಿಲು ತೂಗಿದವರ ಮುಖದಲ್ಲಿ ಇರುತ್ತದಲ್ಲ, ಅಂಥದ್ದು.

ಅವತ್ತು ಮುಳ್ಳು ಎಂಟೂವರೆಯಲ್ಲೇ ಇತ್ತು. ಮುಖ ಬೇರೆ ಇತ್ತು.

"ಬಾಪ್ಪಾ ಸಾಹಿತಿ. ನಿನ್ನ ಕತೆಗೆ ಮುಕ್ತಾಯ ಸಿಕ್ತು ನೋಡು."

ನಿಂತಲ್ಲೇ ಎಲ್ಲ ಹೇಳಿದೆ. ಪದ, ಭಾಷಣ, ಮೂವತ್ತೊಂದು ಸಲ, ಬೆಂಚು, ಮುಚ್ಚಿಟ್ಟ ಎರಡು ದಿನ. ಭಾವ ಕೇಳಿದರು. ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಅಂದ್ರೆ ಅದು ಬಾಯ್ಲರ್ ಬಗ್ಗೆ ಕೇಳಿದ್ದಲ್ವಾ?"

"ಅಲ್ಲ ಭಾವ. ನಿಮ್ಮ ಬಗ್ಗೆ."

"ನಾನಂದ್ಕೊಂಡೆ, ಇಸ್ತ್ರಿಯವ್ರಿಗೂ ಇದೇ ಫಾರಂ ಕೊಟ್ಟಿದ್ದಾರೆ, ಪಾಪ, ಅವರು ಏನಂತ ಬರೀತಾರೆ ಅಂತ. ಒಬ್ಬನಿಗೆ ನಾನೇ ಹೇಳ್ಕೊಟ್ಟೆ. ನಿಮ್ಮ ಆವಿ ಪೈಪಲ್ಲಿ ನಾಲ್ಕು ಬರುತ್ತೆ, ನಾಲ್ಕು ಅಂತ ಹಾಕು ಅಂತ."

ಆಮೇಲೆ ಅವರಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ, ಆಮೇಲೆ ಸ್ಟೂಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು. "ಅವಳಿಗೆ ಅದರಲ್ಲಿ ಆಸಕ್ತಿ ಇಲ್ಲ," ಎಂದು ತಮ್ಮ ಉತ್ತರವನ್ನೇ ಹೇಳಿಕೊಂಡು ಮತ್ತೆ ನಕ್ಕರು. ನಾನೂ ನಕ್ಕೆ. ಬರ್ನರ್ ಆರಿತು, ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿತು.

ನಗು ನಿಂತ ಮೇಲೆ ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ನಿನ್ನೆ ಕಾಗದ ಓದಿದಾಗ ಇಲ್ಲಿ ನೀರು ತುಂಬೋ ಫೀಡ್ ಪಂಪ್ ಹೊಡ್ಕೊಂಡ ಹಾಗೆ ಹೊಡ್ಕೊಳ್ತು. ಬಾಯಿ ಒಣಗಿ ಹೋಯ್ತು. ಅನ್ನ ಇಳೀಲಿಲ್ಲ. ಇದೇನಾ ನಿಮ್ಮ ಡಾಕ್ಟರ್ ಕೇಳಿದ್ದು?"

"ಇದೇ ಭಾವ."

"ಹಾಗಂತ ಬರೀಬೇಕಿತ್ತಲ್ಲೋ. ಬಾಯಿ ಒಣಗುತ್ತಾ, ಅನ್ನ ಇಳಿಯುತ್ತಾ ಅಂತ ಕೇಳಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತು."

ಇಷ್ಟು ವರ್ಷದಲ್ಲಿ ನನ್ನ ಬರವಣಿಗೆಯ ಬಗ್ಗೆ ನಾನು ಕೇಳಿದ ಅತ್ಯಂತ ಉಪಯುಕ್ತ ವಿಮರ್ಶೆ ಇದು.

೮

ಇಲ್ಲಿಂದ ಮುಂದಕ್ಕೆ ನನ್ನ ಬಳಿ ಕೆಲವು ಮುಕ್ತಾಯಗಳಿವೆ. ಬೇಕಾದವರು ಬೇಕಾದ್ದನ್ನು ಎತ್ತಿಕೊಳ್ಳಬಹುದು.

ಒಂದು: ಭಾವ ಬಟ್ಟೆ ಸ್ಟೋರಿಗೆ ಹೋಗುತ್ತಾರೆ, ಕುರ್ಚಿ ಇಷ್ಟವಾಗುತ್ತದೆ, ದಪ್ಪಗಾಗುತ್ತಾರೆ. (ಅಕ್ಕ: "ಸಾಧ್ಯನೇ ಇಲ್ಲ, ಅವರಿಗೆ ಹತ್ತು ನಿಮಿಷ ಕೂರೋಕೆ ಬರಲ್ಲ.")

ಎರಡು: ಹೊಸಬರ ಕೈಯಲ್ಲಿ ಬಾಯ್ಲರ್ ಕೈಕೊಡುತ್ತದೆ, ಎಲ್ಲರೂ ಭಾವನನ್ನು ಹುಡುಕಿಕೊಂಡು ಓಡುತ್ತಾರೆ. ಇದು ಚೆನ್ನಾಗಿತ್ತು, ಭಾವನೇ ಒಪ್ಪಲಿಲ್ಲ. "ಅದೇನು ತಪ್ಪು ಮಾಡಿದೆ? ನಿನ್ನ ಕತೆಗೋಸ್ಕರ ಅದನ್ಯಾಕೆ ಕೆಡಿಸ್ತೀಯ?" ಎಂದು ನಿಜವಾಗಿಯೂ ಸಿಟ್ಟಾದರು.

ಮೂರನೆಯದು, ಡಾಕ್ಟರ್ ಮೇಡಂಗೆ ಈ ಎಡವಟ್ಟಿನಿಂದಲೇ ದೊಡ್ಡ ಹೆಸರು ಬರುತ್ತದೆ. ಅದನ್ನು ನಾಲ್ಕು ಸಾಲು ಬರೆದು ಬಿಟ್ಟೆ. ನನ್ನ ತಪ್ಪಿಗೆ ನಾನೇ ಸನ್ಮಾನ ಮಾಡಿಕೊಂಡ ಹಾಗೆ ಕಂಡಿತು.

ನಡೆದದ್ದು ಹೀಗೆ. ಅದೇ ಶನಿವಾರ ಮಧ್ಯಾಹ್ನ, ಇನ್ನೊಬ್ಬರನ್ನು ಗೇಜಿನ ಮುಂದೆ ಕೂರಿಸಿ, ನಾನು ಭಾವನನ್ನು ಕರೆದುಕೊಂಡು ಮ್ಯಾನೇಜರ್ ರೂಮಿಗೆ ಹೋದೆ. ಮ್ಯಾನೇಜರ್ ಕೆಟ್ಟವರಲ್ಲ. ಮೇಜಿನ ಮೇಲೆ ಮೂರು ಫೈಲು, ಒಂದು ಕಳ್ಳಿ ಗಿಡ, ಇಷ್ಟೇ ಇಟ್ಟುಕೊಂಡು ನೆಮ್ಮದಿಯಾಗಿರುವ ಮನುಷ್ಯ. ನಾನು ಹೇಳಿ ಮುಗಿಸುವಷ್ಟರಲ್ಲಿ ಅವರು ಎರಡು ಸಲ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು. ಡಾಕ್ಟರ್ ಮೇಡಂಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಮೇಡಂ ನಕ್ಕರು, ಆಮೇಲೆ ಇನ್ನೂರ ಹನ್ನೆರಡು ಫಾರಂ ನೆನಪಾಗಿ ನಗು ನಿಲ್ಲಿಸಿದರು.

"ಆ ಪದದ ವಿಷಯ ನಿಮ್ಮ ಹತ್ರ ಆಮೇಲೆ ಮಾತಾಡ್ತೀನಿ," ಎಂದರು, ನನಗೆ. "ಕಾಗದ ವಾಪಸ್ ತಗೊಳ್ಳೋಣ. ಆದ್ರೆ ತೀವ್ರ ಅಂತ ಒಂದ್ಸಲ ಬರೆದು ಕಳ್ಸಿದ್ಮೇಲೆ, ಅವರಿಂದ ಒಂದು ಹೇಳಿಕೆ ಬೇಕು. ಫೈಲಿಗೆ."

"ಎರಡು ಸಾಲು ಸಾಕು," ಎಂದರು ಮ್ಯಾನೇಜರ್. "ಅನುವಾದದವರು ಇಲ್ಲೇ ಇದ್ದಾರಲ್ಲ, ಬರೀಲಿ."

ಬರೆದೆ. ಎರಡು ನಿಮಿಷವೂ ಹಿಡಿಯಲಿಲ್ಲ: 'ನನಗೆ ಯಾವುದೇ ರೀತಿಯ ಒತ್ತಡ ಇರುವುದಿಲ್ಲ ಎಂದು ಈ ಮೂಲಕ ತಿಳಿಸುತ್ತೇನೆ.' ಕೆಳಗೆ ಸಹಿಗೆ ಒಂದು ಗೆರೆ.

ಓದುಗರೇ, ನನಗೆ ಎಷ್ಟು ಸಂತೋಷವಾಯಿತೆಂದರೆ, ಕತೆಯ ಕೊನೆಯ ಸಾಲನ್ನು ಅಲ್ಲೇ ಮನಸ್ಸಿನಲ್ಲಿ ಬರೆದುಬಿಟ್ಟೆ. ಭಾವ ಸಹಿ ಹಾಕುತ್ತಾರೆ, ಮ್ಯಾನೇಜರ್ ಟೀ ತರಿಸುತ್ತಾರೆ, ನಾವಿಬ್ಬರೂ ಮೆಟ್ಟಿಲಿಳಿದು ಹೋಗುತ್ತೇವೆ. ಸುಖಾಂತವೆಂದರೆ ಮೂಗು ಮುರಿಯುತ್ತಿದ್ದ ನಾನು, ಈ ಒಂದು ಸುಖಾಂತಕ್ಕೆ ಎರಡೂ ಕೈ ಚಾಚಿ ಕೂತಿದ್ದೆ.

ಭಾವ ಓದಿದರು. ಇನ್ನೊಮ್ಮೆ ಓದಿದರು.

"ಇದು ಯಾವ ಒತ್ತಡ?"

"ಟೆನ್ಷನ್ನು ಭಾವ. ಬಾಯ್ಲರಿನದ್ದಲ್ಲ."

"ಟೆನ್ಷನ್ ಇಲ್ಲ ಅಂತ ಬರ್ದಿದೀಯಾ?"

"ಹೌದು."

"ನಿನ್ನೆಯಿಂದ ಇದೆಯಲ್ಲೋ."

"ಅದು ಕಾಗದದಿಂದ ಬಂದದ್ದು ತಾನೆ?" ಎಂದರು ಮ್ಯಾನೇಜರ್. "ಸಹಿ ಹಾಕಿ, ಕಾಗದ ಹೋಗುತ್ತೆ, ಅದೂ ಹೋಗುತ್ತೆ."

"ಹಾಗಾದ್ರೆ ಹೋದ್ಮೇಲೆ ಹಾಕ್ತೀನಿ."

"ಹಾಕಿದ್ರೆ ತಾನೇ ಹೋಗೋದು!"

"ಈಗ ನೋಡಿ ಸಾರ್, ಇಲ್ಲಿ ಕೂತಾಗ್ಲೂ ಬಾಯಿ ಒಣಗ್ತಿದೆ. ಬೇಕಾದ್ರೆ ಆ ಹತ್ತಿ ತರಿಸಿ, ಕೊಡ್ತೀನಿ. ಮುಳ್ಳು ತೋರಿಸಿದ್ದು ಬಿಟ್ಟು ಬೇರೆ ಅಂಕಿ ನಾನು ಲಾಗ್ ಬುಕ್ಕಲ್ಲಿ ಯಾವತ್ತೂ ಬರ್ದಿಲ್ಲ."

ಮ್ಯಾನೇಜರ್ ಕಳ್ಳಿ ಗಿಡವನ್ನು ಸ್ವಲ್ಪ ಆಚೆ ಸರಿಸಿ ಮುಂದಕ್ಕೆ ಬಾಗಿದರು. ನಗು ಹೋಗಿತ್ತು. "ನೋಡಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಇದು ಬರೀ ಫೈಲಿಗೆ. ಯಾರೂ ಓದಲ್ಲ. ಸಹಿ ಇಲ್ದಿದ್ರೆ ಸೋಮವಾರ ಬೇರೆಯವರು ಬರ್ತಾರೆ, ಆಮೇಲೆ ನನ್ನ ಕೈಲೂ ಇರಲ್ಲ. ಬಾಯ್ಲರ್ ಬೇಕೋ ಬೇಡ್ವೋ?"

"ಬೇಕು," ಎಂದರು ಭಾವ. ಅಷ್ಟು ಬೇಗ, ಅಷ್ಟು ಮೆಲ್ಲಗೆ ಅವರು ಏನನ್ನೂ ಕೇಳಿದ್ದನ್ನು ನಾನು ಕಂಡಿಲ್ಲ.

"ಮತ್ತೆ?"

ನಾನು ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟೆ. "ಭಾವ, ದಮ್ಮಯ್ಯ. ತಪ್ಪು ನನ್ನದು. ಒಂದು ಸಹಿ. ಸೋಮವಾರ ಬೆಳಿಗ್ಗೆ ನೀವು ನಿಮ್ಮ ಜಾಗದಲ್ಲಿರ್ತೀರ, ಅಕ್ಕ ನೆಮ್ಮದಿಯಾಗಿರ್ತಾಳೆ. ನನ್ನ ಕತೆನೂ ಮುಗಿಯುತ್ತೆ."

ಭಾವ ಪೆನ್ನು ಹಿಡಿದುಕೊಂಡು ಗೆರೆಯನ್ನು ನೋಡಿದರು. ಆಮೇಲೆ ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡು, ಪೆನ್ನಿಗೆ ಹಾಕಿ, ಟಕ್ಕೆನ್ನುವ ತನಕ ಒತ್ತಿ, ಹಾಳೆಯ ಮೇಲಿಟ್ಟರು.

"ಹಾಕಲ್ಲ," ಎಂದರು.